ಬಡಾಯಿ ಎಣಿಸಿದ ಪುಸ್ತಕಗಳು

“ನಮ್ಮ ಶಾಲೆ ಲೈಬ್ರರೀಲಿ ಪುಸ್ತಕ ಎಷ್ಟಿವೆ ಗೊತ್ತಾ ಮೇಡಂ? ಕೊನೇ ಕಪಾಟಿಗೆ ಹೋಗೋಕೆ ಬಸ್ಸೇ ಹಿಡೀಬೇಕು!”

ಹೀಗೆಂದವಳು ಐದನೇ ಕ್ಲಾಸಿನ ಹುಡುಗಿ. ಶಾಲೆಯಿಡೀ ಅವಳನ್ನು ಬಡಾಯಿ ಎಂದೇ ಕರೆಯುತ್ತಿತ್ತು. ಕೇಳಿಸಿಕೊಂಡವರು ಶಿಕ್ಷಣ ಕಚೇರಿಯ ಮೇಡಂ. ಅವರ ಕೈಲಿದ್ದ ಫಾರಂ ಹಾಸಿಗೆಯಷ್ಟು ಅಗಲವಿತ್ತು. ಊರಿನ ಮೂರು ಸರ್ಕಾರಿ ಶಾಲೆಗಳಲ್ಲಿ ಏನೇನಿದೆ, ಮಕ್ಕಳು ಎಷ್ಟೆಷ್ಟು ಮಾರ್ಕ್ಸ್ ತೆಗೆದಿದ್ದಾರೆ, ಎಲ್ಲ ಅದರಲ್ಲಿತ್ತು.

ಮೇಡಂ ನಕ್ಕರು. “ಬಸ್ಸು ಇರ್ಲಿ ಪುಟ್ಟಿ, ಲೆಕ್ಕ ಹೇಳು. ಹೆಡ್ ಟೀಚರ್ ಪಾಠ ಮುಗಿಸಿ ಬರೋದ್ರೊಳಗೆ ಬರ್ಕೊಂಡಿರ್ತೀನಿ.”

“ಸಾವಿರ!”

ಏನು ಮಾಡುವುದು? ಮೇಲಿನ ಬೀದಿಯ ಶಾಲೆಯಲ್ಲಿ ಓದುವ ಮಾವನ ಮಗ ನಿನ್ನೆ ತಾನೆ ಹಂಗಿಸಿದ್ದ: “ನಿಮ್ಮದು ಲೈಬ್ರರಿನಾ, ಬೆಂಕಿಪೊಟ್ಟಣನಾ?” ಆಗಿನಿಂದ ಬಡಾಯಿಯ ಹೊಟ್ಟೆಯಲ್ಲಿ ಹೊಗೆಯಾಡುತ್ತಿತ್ತು, ಬೀದಿಯವರೆಲ್ಲ ಕೆಮ್ಮುವಷ್ಟು.

ಮೇಡಂ ಪೆನ್ಸಿಲಿನಿಂದ 1000 ಎಂದು ಬರೆದರು. ಪಕ್ಕದಲ್ಲಿದ್ದ ಮಾರ್ಕ್ಸ್ ನೋಡಿ ಹುಬ್ಬು ಗಂಟಿಕ್ಕಿದರು.

“ಅಲ್ಲಮ್ಮಾ, ಇಷ್ಟು ಪುಸ್ತಕ ಇದ್ರೂ ಓದೋದ್ರಲ್ಲಿ ಮೂರು ಶಾಲೇಲಿ ನಿಮ್ಮದೇ ಕೊನೆ. ನಿಮಗೆ ಓದೋ ಮನಸ್ಸೇ ಇಲ್ಲ ಅಂತಾಯ್ತು. ನನ್ನ ಹತ್ರ ಇರೋದು ಒಂದೇ ಪುಸ್ತಕದ ಪೆಟ್ಟಿಗೆ. ಮೇಲಿನ ಬೀದಿ ಶಾಲೆಗೇ ಕೊಟ್ಬಿಡ್ತೀನಿ.”

ಬಡಾಯಿ ಫಾರಂ ಇಣುಕಿ ನೋಡಿದಳು. ಪೆಟ್ಟಿಗೆ ಮಾವನ ಮಗನ ಪಾಲಾಗುತ್ತದೆ. ಅದು ಹಾಗಿರಲಿ, ಓದುವ ಮನಸ್ಸೇ ಇಲ್ಲವಂತೆ!

“ಮೇಡಂ… ನಲವತ್ತಮೂರು.”

“ಏನು ನಲವತ್ತಮೂರು?”

“ಪುಸ್ತಕ. ಒಂದೇ ಗಾಜಿನ ಕಪಾಟು. ಬೀಗದ ಕೈ ಕಳೆದುಹೋಗಿ ಎರಡು ವರ್ಷ ಆಯ್ತು. ಹೊರಗಡೆಯಿಂದಾನೇ ಎಣಿಸಿದ್ದು.”

“ನೀನೆಷ್ಟು ಓದಿದೀಯ?”

“ಬರೀ ಹೆಸರು. ನಲವತ್ತಮೂರೂ ಬಾಯಿಪಾಠ. ಹೇಳ್ಲಾ?”

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಪೆನ್ಸಿಲ್ ತಿರುಗಿಸಿ, ತುದಿಯ ರಬ್ಬರಿನಿಂದ ಉಜ್ಜತೊಡಗಿದರು. ಸಾವಿರದ ಸೊನ್ನೆಗಳು ಒಂದೊಂದಾಗಿ ಮಾಯವಾಗುವುದನ್ನು ಬಡಾಯಿ ನೋಡಿದಳು. ಖಾಲಿಯಾದ ಆ ಚೌಕ ಅವಳಿಗೆ ಯಾಕೋ ಚೆನ್ನಾಗಿಯೇ ಕಂಡಿತು.

ಮುಂದಿನ ವಾರ ಬಡಾಯಿಯ ಶಾಲೆಗೆ ಹತ್ತು ಲಾರಿ ತುಂಬ ಪುಸ್ತಕ ಬಂದವು.

ಈ ಕತೆ ಇಷ್ಟು ಬರೆಯುವಾಗ ಬೆನ್ನ ಹಿಂದಿನಿಂದ ಇಣುಕುತ್ತಿದ್ದ ಮಾವನ ಮಗ ಕೆಮ್ಮಿದ. “ಹತ್ತು ಲಾರಿ?”

ಸರಿ, ಸರಿ. ಒಂದು ಪೆಟ್ಟಿಗೆ. ಇಪ್ಪತ್ತೆರಡು ಪುಸ್ತಕ. ಎಣಿಸಿದವಳು ನಾನೇ, ಬಡಾಯಿಯೂ ನಾನೇ. ಈ ಸಲ ಒಂದೊಂದನ್ನೂ ಕೈಯಲ್ಲಿ ಹಿಡಿದು ಎಣಿಸಿದೆ.