ಐದು ಗೀಟು, ಒಂದು ಅಡ್ಡಗೀಟು

ಬಣ್ಣ ಬಿಡಿಸುವ ದ್ರಾವಣ ತಾಗಿದ ಕಡೆಯಲ್ಲೆಲ್ಲ ಹಸಿರು ಬಣ್ಣ ಗುಳ್ಳೆ ಎದ್ದು ಹಾಲಿನ ಕೆನೆಯ ಹಾಗೆ ಮಡಿಚಿಕೊಳ್ಳುತ್ತಿತ್ತು. ವಾಂಡಾ ಅದನ್ನು ಹೆರೆದು ಹೆರೆದು ಹಳೆಯ ಪತ್ರಿಕೆಗೆ ಒರೆಸುತ್ತಿದ್ದಳು. ಬೇಲಿಗೆ ಬಳಿಯುವ ಬಣ್ಣ, ಅದೂ ಕುಂಚದಲ್ಲಿ, ಮೂರು ಪದರ. ಎಂಜಿನ್ ಶುರುಮಾಡಿದರೆ ಕಾಲಡಿಯ ನೆಲ ಅದುರುವಂಥ ಎಪ್ಪತ್ತರ ಇಸವಿಯ ಕಾರಿನ ಬಾಗಿಲೊಳಗೆ ಇದನ್ನು ಬಳಿದವರು ಯಾರೋ, ಅವರ ಮೇಲೆ ಅವಳಿಗೆ ನಿಜವಾಗಿಯೇ ಸಿಟ್ಟು ಬಂದಿತ್ತು.

ಕಾಫಿ ಲೋಟ ಹಿಡಿದು ಗ್ಯಾರೇಜಿಗೆ ಬಂದ ಗಂಡ ರೋಲಂಡ್ ಹೊಸ್ತಿಲಲ್ಲೇ ನಿಂತ.

"ಕಾರು ಮಾರಿದ ಅಜ್ಜಿ ಏನಂದಿದ್ಳು? ಏನ್ ಬೇಕಾದ್ರೂ ಮಾಡ್ಕೊ, ಎಡಬಾಗಿಲ ಒಳಗಿನ ಬಣ್ಣ ಮಾತ್ರ ತೆಗೀಬೇಡ ಅಂತ ತಾನೆ?"

"ತೆಗೆದ್ರೆ ಕೆಟ್ಟದ್ದು ಏಳುತ್ತೆ ಅಂದ್ಳು. ಎದ್ದಿದೆ ನೋಡು, ತುಕ್ಕು."

"ಕೆಂಟಕಿ ಬೆಟ್ಟದ ಜನ ಕಣೇ. ಸುಮ್ಸುಮ್ನೆ ಹೇಳಲ್ಲ."

"ಹಾಗಾದ್ರೆ ಹೋಗಿ ನಿನ್ನ ಅಂಗಡಿ ಬಾಗಿಲಿಗೊಂದು ಕುದುರೆ ಲಾಳ ಹೊಡ್ಕೊ. ಜೂನಲ್ಲಿ ಹಳೇ ಕಾರುಗಳ ಸ್ಪರ್ಧೇಲಿ ತೀರ್ಪುಗಾರರು ಟಾರ್ಚು ಹಿಡಿದು ಬಗ್ಗಿ ನೋಡ್ತಾರಲ್ಲ, ಆಗ ಅಜ್ಜಿ ಬೇಡ ಅಂದಿದ್ಳು ಅನ್ನಕ್ಕಾಗುತ್ತಾ?"

ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಹಾಗೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ವಾಂಡಾಳ ವ್ರತ. ಅಂದು ಬಣ್ಣ ಇಳಿದು ಸೋರಿದ್ದರೆ ಇವಳೂ ಅಲ್ಲಿಯೇ ಸೋರಿಸುತ್ತಿದ್ದಳು. ಇಪ್ಸಿಲಾಂಟಿ ಪಟ್ಟಣದಲ್ಲಿ ಕ್ಷೌರದಂಗಡಿ ಇಟ್ಟಿದ್ದ ರೋಲಂಡನದು ಬೇರೆ ನ್ಯಾಯ. ತಲೆ ಯಾರದೋ ಇಷ್ಟವೂ ಅವರದೇ. ಅವನಿಗೆ ಕಿತ್ತಳೆ ಬಣ್ಣ ಬೇಕಿತ್ತು, ಅಗಲದ ಹೊಸ ಚಕ್ರ ಬೇಕಿತ್ತು.

ಮೂರನೆಯ ಪದರದ ಅಡಿಯಲ್ಲಿ ಹಳದಿ ಗೀಟು ಕಂಡಿತು. ವಾಂಡಾ ಉಸಿರು ಬಿಗಿಹಿಡಿದು ಹತ್ತಿಯಿಂದ ಒರೆಸಿದಳು. ಒಂದು ವೃತ್ತ. ಅದರೊಳಗೆ ನಿಂತ ಐದು ಗೀಟು. ಐದನ್ನೂ ಕಡಿದುಹೋಗುವ ಒಂದು ಅಡ್ಡಗೀಟು. ಬಾಗಿಲು ಪರೀಕ್ಷಿಸಿದ ಕಾರ್ಮಿಕರು ಮೇಣದ ಕಡ್ಡಿಯಲ್ಲಿ ಹಾಕುತ್ತಿದ್ದ ಗುರುತು! ಯಾವ ಪುಸ್ತಕದಲ್ಲೂ ಅವಳು ಇಂಥದ್ದನ್ನು ಕಂಡಿರಲಿಲ್ಲ. ತೆಳುಕಾಗದವಿಟ್ಟು ಪಡಿಯಚ್ಚು ತೆಗೆದುಕೊಂಡು, ತುಕ್ಕು ಕೆರೆದು, ಬಾಗಿಲಿಗೆ ಕಾರ್ಖಾನೆಯ ಬೂದುಬಣ್ಣವನ್ನೇ ಹೊಡೆದಳು.

ಗುರುತನ್ನು ಮತ್ತೆ ಬರೆಯಲು ಕೂತ ಮಧ್ಯಾಹ್ನ ರೋಲಂಡ್ ಬಂದು ಬೆನ್ನ ಹಿಂದೆ ನಿಂತು ಬಾಗಿಲ ಮೇಲೆ ಕೈಯಿಟ್ಟ.

"ಅವತ್ತು ಯಾವನೋ ಕುಡ್ಕ ಸೊಟ್ಟಗೆ ಎಳೆದ. ಇವತ್ತು ನೀನೂ ಸೊಟ್ಟಗೆ ಎಳೀತೀಯ. ನಿಂಗೆ ಅಂತ ಒಂದು ಇಷ್ಟ ಇಲ್ವೇನೇ?"

"ಕೈ ತೆಗಿ ಅಲ್ಲಿಂದ."

ಅವನು ತೆಗೆಯಲಿಲ್ಲ. ಅವಳ ಮೊಣಕೈ ಹಿಡಿದು ಬೆಳಕಿನ ಕಡೆಗೆ ಸ್ವಲ್ಪ ಸರಿಸಿದ, ಗಿರಾಕಿಯ ತಲೆ ಸರಿಸುವ ಹಾಗೆ. ಇಪ್ಪತ್ತೆಂಟು ವರ್ಷದಿಂದ ಆ ಕೈ ಹೀಗೆಯೇ: ಅವಳ ರೇಡಿಯೋದ ದನಿ ತಗ್ಗಿಸಿದ ಕೈ, ಪರದೆ ಎಳೆದ ಕೈ, ನಾಲ್ಕು ಜನರೆದುರು ಅವಳ ಕಾಲರು ನೆಟ್ಟಗೆ ಮಾಡಿದ ಕೈ. ಹೊಡೆದದ್ದಿಲ್ಲ, ಮೆಲ್ಲಗೆ ಸರಿಪಡಿಸಿದ್ದಷ್ಟೇ. ಈ ಕೈ ಒಮ್ಮೆ ಸೇದಿಹೋಗಬಾರದೇ, ಎಂದುಕೊಂಡಳು. ಅಂದುಕೊಂಡದ್ದು ಅವಳಿಗೇ ಕೇಳಿಸಲಿಲ್ಲವೆನ್ನುವ ಹಾಗೆ ಅಡ್ಡಗೀಟು ಎಳೆದು ಮುಗಿಸಿದಳು. ಪಡಿಯಚ್ಚಿಗೆ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

ಮರುದಿನ ಕತ್ತರಿ ಹಿಡಿದಿದ್ದಾಗ ರೋಲಂಡನ ಬಲಗೈಯ ಕಿರುಬೆರಳು ತಣ್ಣಗಾಯಿತು. ಅದರ ಮರುದಿನ ಉಂಗುರದ ಬೆರಳು. ನರದ ತೊಂದರೆ, ವಿಶ್ರಾಂತಿ ತಗೊಳ್ಳಿ ಎಂದರು ಡಾಕ್ಟರು. ಎರಡೂ ಬೆರಳು ಹಸಿಮಣ್ಣಿನ ಬಣ್ಣಕ್ಕೆ ತಿರುಗಿ ಒಳಕ್ಕೆ ಮುರುಟಿಕೊಂಡವು. ಅಂಗಡಿಗೆ ಬೀಗ ಬಿತ್ತು.

ಗ್ಯಾರೇಜಿನಲ್ಲಿ ಹೊಸ ಬಣ್ಣದ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿತ್ತು. ಸುಟ್ಟ ಕೂದಲು, ನೆನೆದ ಉಣ್ಣೆ. ಐದರಲ್ಲಿ ಎರಡು ಗೀಟು ಕಪ್ಪಾಗಿ ಒದ್ದೆಯಾಗಿ ಮಿನುಗುತ್ತಿದ್ದವು. ಮೇಣಕ್ಕೂ ಬಣ್ಣಕ್ಕೂ ಹೊಂದಿಕೆಯಾಗಿಲ್ಲವೆಂದು ವಾಂಡಾ ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಮೂರನೆಯ ಗೀಟೂ ಕಪ್ಪಾಯಿತು. ಒಳಗೆ ಮನೆಯಲ್ಲಿ ಲೋಟವೊಂದು ನೆಲಕ್ಕೆ ಬಿದ್ದು ಒಡೆಯಿತು.

ಅವಳು ದ್ರಾವಣ ಹಾಕಿ ಉಜ್ಜಿದಳು. ಗುರುತು ಹೋಯಿತು. ಬಟ್ಟೆ ಮಡಿಸುವಷ್ಟರಲ್ಲಿ ಮತ್ತೆ ಮೂಡಿತು. ಮತ್ತೆ ಉಜ್ಜಿದಳು. ಮತ್ತೆ ಮೂಡಿತು. ಆಗ ಬಾಗಿಲ ಪೊಳ್ಳಿನೊಳಗಿಂದ ಸದ್ದು ಕೇಳಿಸಿತು. ಕರ್. ಕರ್. ತಗಡಿನ ಮೇಲೆ ಉಗುರು. ಇಲಿಯಿರಬೇಕು. ಕಿಂಡಿಯೊಳಗೆ ಕೈ ಹಾಕಿದಳು. ಕತ್ತಲು. ಮೊಣಕೈವರೆಗೆ ತೂರಿಸಿದಳು. ತಗಡು ಬೆಚ್ಚಗಿತ್ತು. ಸದ್ದು ನಿಂತಿತು. ಬೆರಳಿಗೆ ಏನೋ ತಾಗಿತು. ಒಣಗಿದ್ದು. ಅದು ಅಲುಗಿತು. ಅವಳ ಅಂಗೈಯನ್ನು ಸವರಿತು. ಹಿಡಿದುಕೊಂಡಿತು. ಬಿಗಿಯಾಗಿ ಅಲ್ಲ. ಪರಿಚಯದವರ ಕೈ ಹಿಡಿದ ಹಾಗೆ. ಮೂರು ಬೆರಳು. ಅವಳಿಗೆ ಗೊತ್ತಿದ್ದ ಬೆರಳು. ಎಳೆದಳು. ಬಿಡಲಿಲ್ಲ. ಕಾಲು ಕೊಟ್ಟು ಎಳೆದಳು. ತಗಡಿನಂಚಿಗೆ ಚರ್ಮ ಹರಿದು ಕೈ ಹೊರಬಂತು.

ರಕ್ತಕ್ಕೆ ಬಟ್ಟೆ ಸುತ್ತಿಕೊಂಡೇ ಅವಳು ಕಾರು ಮಾರಿದ ಐಡೆಲ್ಲಾ ಅಜ್ಜಿಯ ಮನೆಗೆ ಹೋದಳು. ಅಜ್ಜಿ ಬಟ್ಟೆಯ ಕಡೆ ನೋಡಿ, ಕೇಳದೆಯೇ ಕುರ್ಚಿ ಎಳೆದುಕೊಟ್ಟಳು.

"ಬರೆದ್ಯಾ? ಬರೀ ತೆಗೆದಿದ್ರೆ ಇಷ್ಟಾಗ್ತಿರ್ಲಿಲ್ಲ."

"ಅದು ಕಾರ್ಖಾನೆ ಗುರುತಲ್ವಾ?"

"ಕಾರ್ಖಾನೇಲೇ ಬರೆದಿದ್ದು ಮಗಳೇ, ನಾನೇ ಬರೆದಿದ್ದು. ಬಾಗಿಲು ಜೋಡಿಸೋ ಸಾಲಲ್ಲಿದ್ದೆ. ನಮ್ಮ ಮೇಸ್ತ್ರಿ ಕೈ ಸುಮ್ನಿರ್ತಿರ್ಲಿಲ್ಲ. ಹೊಸ ಹುಡುಗೀರಿಗಂತೂ ಅಳೋದೇ ಕೆಲಸ. ಆ ಕಾರು ಅವ್ನು ತನಗೇ ಅಂತ ಹೇಳಿಟ್ಕೊಂಡಿದ್ದ. ನಮ್ಮಜ್ಜಿ ಕಲಿಸಿದ ಗುರುತು ಅದು. ಹೆಸರು ಬೇಡ. ಬರೆಯೋವಾಗ ಮನಸ್ಸಲ್ಲಿ ಯಾರ ಕೈ ಇರುತ್ತೋ, ಆ ಕೈ."

"ಅವನಿಗೇನಾಯ್ತು?"

"ಐದು ದಿನಕ್ಕೆ ಐದು ಬೆರಳು. ಆಮೇಲೆ ತೋಳಿಗೆ ಹತ್ತಿತು. ನಂಗೆ ಕೈ ಬೇಕಿತ್ತು, ಜೀವ ಬೇಕಿರ್ಲಿಲ್ಲ. ಎದೆಗೆ ಬರೋದ್ರೊಳಗೆ ಅವನ ಹೆಂಡ್ತಿ ಹತ್ರ ಕಾರು ತಗೊಂಡು ಗುರುತಿನ ಮೇಲೆ ಬಣ್ಣ ಬಳಿದುಬಿಟ್ಟೆ."

"ಹಾಗಾದ್ರೆ ಈಗ್ಲೇ ಬಳಿದ್ಬಿಡೋಣ. ನೀವೇ ಬಂದು ಬಳೀರಿ."

"ಬರೆದ ಕೈಯೇ ಬಳೀಬೇಕು." ಅಜ್ಜಿ ಏಪ್ರನ್ನಿನ ಕಿಸೆಯಿಂದ ಬಲಗೈ ಹೊರತೆಗೆದು ಮೇಜಿನ ಮೇಲಿಟ್ಟಳು. ಅದು ಒಣಗಿದ ಬೇರಿನ ಹಾಗೆ ಸುರುಟಿಹೋಗಿತ್ತು. "ಬಳಿದ ಮೇಲೆ ಆ ಕೈ ಉಳಿಯಲ್ಲ."

ವಾಂಡಾ ಅದನ್ನೇ ನೋಡುತ್ತ ಕೂತಳು. ಮುಟ್ಟಿದರೆ ಬಣ್ಣದ ಪದರವೆಷ್ಟೆಂದು ಹೇಳಬಲ್ಲ ಕೈ ಅವಳದು. ಅದೊಂದೇ ಅವಳಿಗೆ ಸ್ವಂತವೆಂದು ಇದ್ದದ್ದು.

"ಯಾರ ಕೈ ಇತ್ತು, ಮಗಳೇ, ಮನಸ್ಸಲ್ಲಿ?"

ವಾಂಡಾ ರಕ್ತದ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ಐದನೆಯ ದಿನದ ಸಂಜೆ. ರೋಲಂಡನ ಬಲಗೈ ಮೇಜಿನ ಮೇಲೆ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು. ಮಣಿಕಟ್ಟಿನ ಮೇಲಕ್ಕೆ ಮಣ್ಣಿನ ಬಣ್ಣ ಏರತೊಡಗಿತ್ತು. ನಾಲ್ಕು ದಿನ ಗಡ್ಡ ಹೆರೆದಿರಲಿಲ್ಲ. ಹೆದರಿದ್ದ, ಹೆದರಿಕೆಯನ್ನು ತೋರಿಸಬಾರದೆಂದು ವಾರ್ತೆಯ ಬಗ್ಗೆ ಮಾತಾಡುತ್ತಿದ್ದ. ಮಾತಿನ ನಡುವೆಯೇ ಎಡಗೈ ಚಾಚಿ, ಕೇಳದೆ, ಅವಳ ಸೂಪಿನ ಬಟ್ಟಲಿಗೆ ಮೆಣಸಿನಪುಡಿ ಉದುರಿಸಿದ.

"ಸಪ್ಪೆ ಇತ್ತು ನಿಂದು," ಎಂದ.

ವಾಂಡಾಳ ಎದೆಯಲ್ಲಿ ಅದೇ ಸಿಟ್ಟು ಭಗ್ಗೆಂದಿತು. ಒಂದಿಷ್ಟೂ ಸವೆದಿರಲಿಲ್ಲ. ಕರುಣೆ ಬಂದಮೇಲೆ ಅದು ಹೋಗುತ್ತದೆಂದು ಮೂರು ದಿನ ಕಾದಿದ್ದಳು. ಎರಡೂ ಒಂದೇ ಮನೆಯಲ್ಲಿ ಬಾಳುವಂಥವೆಂದು ಈಗ ತಿಳಿಯಿತು. ಗುರುತು ಬರೆದ ಬಲಗೈಯಲ್ಲಿ ಚಮಚ ಹಿಡಿದು, ಅವಸರವಿಲ್ಲದೆ, ಬಟ್ಟಲಿನಲ್ಲಿದ್ದ ಅಷ್ಟನ್ನೂ ಕುಡಿದಳು. ಆಮೇಲೆ ಎದ್ದಳು.

"ಎಲ್ಲಿಗೆ?"

"ಬಾಗಿಲಿಗೆ ಇನ್ನೊಂದು ಸಲ ಬಣ್ಣ ಬಳೀಬೇಕು."

"ಯಾವ ಬಣ್ಣ?"

"ಯಾವ್ದಾದ್ರೂ ಆಗುತ್ತೆ."

ರೋಲಂಡ್ ತಲೆಯೆತ್ತಿ ಅವಳನ್ನು ನೋಡಿದ; ತಮಾಷೆ ಮಾಡಬೇಕೆಂದುಕೊಂಡು ಮಾಡಲಿಲ್ಲ. "ಹಿಮ ಬೀಳ್ತಿದೆ. ಕೈಗವಸು ಹಾಕ್ಕೊಂಡು ಹೋಗು," ಎಂದ.

ವಾಂಡಾ ಗೂಟದಿಂದ ಎಡಗೈಯದನ್ನಷ್ಟೇ ತೆಗೆದುಕೊಂಡಳು.