ಗಾಜಿನಾಚೆಗೆ ಕೇಳಿಸಿದ ಗೊಣಗಾಟ

"ಅಳಬೇಡಿ!"

ಹೆಡ್‌ಫೋನಿನಲ್ಲಿ ಸಿಡಿದ ಆ ಒಂದೇ ಮಾತಿಗೆ ಅವಳು ಬೆಚ್ಚಿಬಿದ್ದಳು. ಕಣ್ಣಂಚಿಗೆ ಬಂದಿದ್ದ ನೀರು ಅಲ್ಲೇ ನಿಂತಿತು.

ಗಾಜಿನ ಆಚೆ, ಸಾಲು ಸಾಲು ಗುಂಡಿಗಳ ಮುಂದೆ ಕೂತಿದ್ದ ಸೌಂಡ್ ಇಂಜಿನಿಯರ್ ತಲೆ ಕೂಡ ಎತ್ತಲಿಲ್ಲ.

"ಏನಂದ್ರಿ?"

"ಮತ್ತೊಮ್ಮೆ."

ಅಷ್ಟೇ! ಒಂದು 'ದಯವಿಟ್ಟು' ಇಲ್ಲ, ಒಂದು 'ಮೇಡಂ' ಇಲ್ಲ!

ಅವಳು ಓದುತ್ತಿದ್ದ ಪುಸ್ತಕದಲ್ಲಿ ಹದಿನೈದರ ಹುಡುಗನೊಬ್ಬ ಆಸ್ಪತ್ರೆಯ ಮಂಚದ ಪಕ್ಕ ಮಂಡಿಯೂರಿ, ಪುಟ್ಟ ತಮ್ಮನ ಶೂ ಲೇಸ್ ಕಟ್ಟುತ್ತಿದ್ದ. ಇನ್ನು ಆ ತಮ್ಮ ನಡೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಅದನ್ನು ಓದಿ ಗಂಟಲು ಕಟ್ಟದಿದ್ದರೆ ಅದೂ ಒಂದು ಗಂಟಲಾ?

'ಕಲ್ಲು! ಶುದ್ಧ ಕಲ್ಲು ಮನುಷ್ಯ!' ಎಂದುಕೊಂಡಳು.

ಅವತ್ತು ಅವಳಿಗೆ ಆ ಸ್ಟುಡಿಯೋದಲ್ಲಿ ಮೊದಲ ದಿನ. ಹದಿಹರೆಯದವರಿಗಾಗಿ ಬರೆದ, ಪ್ರಶಸ್ತಿ ಗೆದ್ದ ಕಾದಂಬರಿಗಳನ್ನೆಲ್ಲ ಆಡಿಯೋ ಪುಸ್ತಕ ಮಾಡುವ ಕೆಲಸ. ಓದುವ ಧ್ವನಿ ಅವಳದು. ಅದಕ್ಕೂ ಮುಂಚೆ ಬೇರೊಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಅವಳು ರೆಕಾರ್ಡ್ ಮಾಡಿದ್ದು 'ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ' ಅನ್ನುವಂಥ ಮಾತುಗಳನ್ನು. ಅದಕ್ಕೆ ಯಾರೂ ಅಳುವುದಿಲ್ಲ, ಹೆಚ್ಚೆಂದರೆ ಬೈಯುತ್ತಾರೆ.

ಈ ಪುಸ್ತಕಗಳು ಮಾತ್ರ ಅವಳನ್ನು ನೆಮ್ಮದಿಯಾಗಿ ಇರಗೊಡಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬರುತ್ತಿದ್ದಳು. ಹಾಲು ಒಲೆಯ ಮೇಲಿಟ್ಟು ಕಿಟಕಿಯ ಬಳಿ ನಿಲ್ಲುತ್ತಿದ್ದಳು, ಹಾಲು ಉಕ್ಕಿ ಹರಿಯುತ್ತಿತ್ತು. 'ಮೂವತ್ತು ದಾಟಿದೆ, ಮಕ್ಕಳ ಪುಸ್ತಕ ಓದಿ ಯಾಕೆ ಹೀಗೆ ಚಡಪಡಿಸ್ತೀನಿ?' ಉತ್ತರ ಅವಳಿಗೆ ಗೊತ್ತಿತ್ತು. ಅವಳಿಗೆ ಹದಿನಾರಾಗಿದ್ದಾಗ ಅಪ್ಪ ತೀರಿಹೋದರು. ಮರುತಿಂಗಳೇ ಕೆಲಸಕ್ಕೆ ಸೇರಿ ತಂಗಿಯನ್ನು ಓದಿಸಿದಳು. ಕೋಪ ಮಾಡಿಕೊಳ್ಳುವುದು, ಬಾಗಿಲು ದಢಾರ್ ಅಂತ ಹಾಕುವುದು, ಯಾರನ್ನಾದರೂ ನೋಡಿ ನಾಲಿಗೆ ಒಣಗುವುದು... ಆ ವಯಸ್ಸಿನ ಬಾಬತ್ತು ಯಾವುದೂ ಅವಳ ಪಾಲಿಗೆ ಬರಲಿಲ್ಲ. ಈಗ ಪುಟ ಪುಟದಲ್ಲೂ ಅದೇ ಎದುರಾಗುತ್ತಿತ್ತು.

ಅದಕ್ಕೇ ರೆಕಾರ್ಡಿಂಗಿನ ಕೆಂಪು ಲೈಟ್ ಆರಿದ ಕೂಡಲೇ ಗೊಣಗತೊಡಗುವಳು.

"ಈ ಪ್ರಶಸ್ತಿ ಕೊಡೋರಿಗೆ ಕರುಣೆನೇ ಇಲ್ವಾ? ಯಾರಾದ್ರೂ ಸಾಯ್ಲೇಬೇಕು, ಇಲ್ಲಾ ಯಾರಾದ್ರೂ ಬಿಟ್ಟು ಹೋಗ್ಲೇಬೇಕು! ಎಲ್ಲ ಸರಿಹೋದ್ರೆ ಪದಕ ಕೊಡಲ್ವೇನೋ!"

ಇನ್ನೊಂದು ದಿನ, ಅಮ್ಮನಿಗೆ ಎದುರಾಡಿ ಮನೆಬಿಟ್ಟ ಹುಡುಗಿಗೆ, "ಹೋಗೇ, ಹೋಗು! ಆದ್ರೆ ಸ್ವೆಟರ್ ತಗೊಂಡು ಹೋಗು ಮಾರಾಯ್ತಿ... ನನಗೇ ಇಲ್ಲಿ ಚಳಿ ಆಗ್ತಿದೆ."

ಮರುದಿನ ಅವಳ ಕುರ್ಚಿಯ ಮೇಲೆ ಮಡಚಿಟ್ಟ ಒಂದು ಶಾಲು!

ಕುರ್ಚಿ ಕಿರುಗುಟ್ಟುತ್ತದೆ ಎಂದು ಗೊಣಗಿದರೆ ಕುರ್ಚಿ ಬದಲಾಯಿತು. ಗಂಟಲು ಉರಿ ಎಂದರೆ ಬಿಸಿನೀರಿನ ಫ್ಲಾಸ್ಕ್ ಬಂತು. ಗಾಜಿನಾಚೆ ಅದೇ ಬಗ್ಗಿದ ತಲೆ, ಅದೇ "ಮತ್ತೊಮ್ಮೆ", "ಉಸಿರು ಕೇಳ್ತು". ಎರಡು ಪದ ದಾಟದ ಮನುಷ್ಯ. ಅವಳು ಅವನಿಗೆ 'ಮೌನಿ' ಎಂದು ಹೆಸರಿಟ್ಟಳು.

'ಈ ಮೌನಿ ಮನಸ್ಸು ಓದ್ತಾನಾ?' ಶಾಲು ಹೊದ್ದುಕೊಳ್ಳುತ್ತಾ ಅಂದುಕೊಂಡಳು.

ಮನಸ್ಸೂ ಇಲ್ಲ, ಮಣ್ಣೂ ಇಲ್ಲ! ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವಳ ಹಳೆಯ ಸ್ಟುಡಿಯೋದಲ್ಲಿ ಲೈಟ್ ಆರಿದರೆ ಮೈಕೂ ಆಫ್. ಇಲ್ಲಿ ಹಾಗಲ್ಲ. ಲೈಟ್ ಆರಿದರೆ ರೆಕಾರ್ಡಿಂಗ್ ನಿಲ್ಲುತ್ತದೆ ಅಷ್ಟೇ. ಮೈಕು ಹಿಡಿದ ಮಾತೆಲ್ಲ ಅವನ ಕಿವಿಗೆ ಹೋಗುತ್ತಲೇ ಇರುತ್ತದೆ. ಅವನು ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಅವಳು ಗೊಣಗುವುದನ್ನು ನಿಲ್ಲಿಸುತ್ತಾಳಲ್ಲ!

ಕೊನೆಯ ಕಾದಂಬರಿ ಬಂತು. ಅದರಲ್ಲೊಬ್ಬಳು ಹದಿನೇಳರ ಹುಡುಗಿ, ಗೆಳೆಯನ ಗೇಟಿನವರೆಗೆ ಹೋಗಿ ಏನೂ ಹೇಳದೆ ಹಿಂತಿರುಗುತ್ತಾಳೆ. ಅಧ್ಯಾಯ ಮುಗಿಯಿತು, ಲೈಟ್ ಆರಿತು.

"ಹೇಳಿಬಿಡೇ ಪೆದ್ದಿ! ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?" ಎಂದು ಪುಟಕ್ಕೆ ಬೈದಳು. ಆಮೇಲೆ ದನಿ ತಾನೇ ಇಳಿಯಿತು. "ನಾನೇನು ಮಹಾ ಧೈರ್ಯವಂತೆ? ಗಾಜಿನಾಚೆ ಕೂತಿರೋ ಆ ಮೌನಿ ಅಂದ್ರೆ ನನಗೆ ಪ್ರಾಣ ಅಂತ ಹೇಳೋಕೆ ನನ್ನ ಕೈಲಾಗತ್ತಾ..."

ಆಚೆ ಕಡೆ ಕುರ್ಚಿ ಹಿಂದಕ್ಕೆ ಬಿತ್ತು. ಅವನು ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಹೋಗಿಬಿಟ್ಟ!

ಮೂಲೆಯಲ್ಲಿ ಪುಸ್ತಕ ಹಿಡಿದು ತಪ್ಪು ಗುರುತು ಮಾಡುವ ಹಿರಿಯಾಕೆ ಎದ್ದು ಬಂದು ಅವನ ಹೆಡ್‌ಫೋನ್ ಹಾಕಿಕೊಂಡು, ಒಳಗಿನವರಿಗೆ ಕೇಳಿಸುವ ಮಾತಿನ ಗುಂಡಿ ಒತ್ತಿದಳು. ಸ್ಟುಡಿಯೋಗೆಲ್ಲ ಆಕೆ ದೊಡ್ಡಮ್ಮ.

"ಏನೇ ಅಂದೆ ಅವನಿಗೆ?"

"ನಾನೇನೂ ಅನ್ನಲಿಲ್ಲ ದೊಡ್ಡಮ್ಮ! ಲೈಟ್ ಆರಿತ್ತು, ಸುಮ್ನೆ ಗೊಣಗ್ತಿದ್ದೆ..."

"ಲೈಟ್ ಆರಿದ್ರೇನು? ಈಗ ನೀನು ಆಡೋದು ನನಗೆ ಕೇಳ್ತಿಲ್ವಾ? ಹಂಗೇ ಅವನಿಗೂ ಕೇಳ್ತಾನೇ ಇರತ್ತೆ."

ಅವಳು ಹೆಡ್‌ಫೋನ್ ಕಳಚಿ ಮೈಕನ್ನೇ ನೋಡಿದಳು.

ಶಾಲು... ಕುರ್ಚಿ... ಫ್ಲಾಸ್ಕ್... ಇಷ್ಟು ದಿನ ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ! ಇವತ್ತಿನದನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡು... ಎದ್ದು ಹೋದ!

ಪುಸ್ತಕವನ್ನು ಚೀಲಕ್ಕೆ ತುರುಕಿ ಮನೆಗೆ ಬಂದವಳು ಹಲವು ದಿನ ಆ ಕಡೆ ತಲೆ ಹಾಕಲಿಲ್ಲ.

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಒಮ್ಮೆ ಕೋಪ, 'ಕದ್ದು ಕೇಳೋನು!' ಮರುಕ್ಷಣ ನಾಚಿಕೆ, 'ಎಲ್ಲ ಒದರಿಬಿಟ್ಟೆನಲ್ಲ!' ಎರಡರ ಅಡಿಯಲ್ಲಿ ಒಂದು ನೋವು... 'ಅವನಿಗೆ ನಾನು ಬೇಡವಾದೆನಾ?'

"ಅಕ್ಕಾ, ಆ ಹುಡುಗಿ ಕೊನೆಗಾದ್ರೂ ಹೇಳ್ತಾಳಾ?" ದಿನವೂ ಅವಳಿಂದ ಕಾದಂಬರಿಯ ಕಥೆ ಕೇಳುತ್ತಿದ್ದ ತಂಗಿ ಅಂದಳು.

"ಗೊತ್ತಿಲ್ಲ." ಮೊದಲ ಓದಿನ ಬಿಸಿ ದನಿಯಲ್ಲಿರಲಿ ಎಂದು ಅವಳು ಮುಂದಿನ ಪುಟವನ್ನು ಮನೆಯಲ್ಲಿ ಓದುತ್ತಿರಲಿಲ್ಲ.

"ನೀನು ಹೋಗಿ ಓದಿದ್ರೆ ತಾನೇ ಗೊತ್ತಾಗೋದು? ಮುಖ ನೋಡ್ಕೋ, ಇಂಗು ತಿಂದ ಮಂಗನ ಹಾಗಿದೆ!"

ಸ್ಟುಡಿಯೋದಿಂದ ಫೋನ್ ಬಂತು. ನಾಳೆ ಬರದಿದ್ದರೆ ಇಡೀ ಪುಸ್ತಕವನ್ನು ಬೇರೆ ಧ್ವನಿಯಲ್ಲಿ ಮೊದಲಿಂದ ಓದಿಸುತ್ತಾರಂತೆ.

ಪುಸ್ತಕ ವಾಪಸ್ ಕೊಟ್ಟು ಬರುವುದು ಎಂದು ನಿರ್ಧರಿಸಿಯೇ ಹೊರಟಳು.

ಅವನು ಅವಳನ್ನು ಕಂಡವನೇ ಎದ್ದುನಿಂತ. ಅವಳು ಮುಖ ತಿರುಗಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಕದ್ದು ಕೇಳೋದು ತಪ್ಪು ಅಂತ ನಿಮಗೆ ಯಾರೂ ಹೇಳಿಕೊಡಲಿಲ್ವಾ?"

ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಪುಸ್ತಕ ಎತ್ತಿಕೊಂಡ, ತನ್ನ ಕುರ್ಚಿ ತೋರಿಸಿದ, ಗಾಜಿನ ಕೋಣೆಯ ಒಳಗೆ ಹೋಗಿ ಅವಳ ಜಾಗದಲ್ಲಿ ಕೂತ!

"ಕೂತ್ಕೋ, ಕೇಳು. ಅವನು ಆ ಕೋಣೆ ಒಳಗೆ ಬಾಯಿ ತೆಗೆದಿದ್ದನ್ನ ನಾನೂ ನೋಡಿಲ್ಲ" ಎಂದು ದೊಡ್ಡಮ್ಮ ಅವಳ ತಲೆಗೆ ಹೆಡ್‌ಫೋನ್ ಏರಿಸಿ, ಚಹಾ ನೆಪ ಹೇಳಿ ಹೊರಗೆ ನಡೆದಳು.

ಕೆಂಪು ಲೈಟ್ ಆರಿಯೇ ಇತ್ತು.

"ಲೈಟ್ ಆರಿದ್ರೂ... ಕೇ... ಕೇ... ಕೇಳತ್ತೆ." ಅವನ ಹಣೆಯಲ್ಲಿ ಬೆವರು. "ಇದನ್ನ ಮೊದಲ ದಿನಾನೇ ಹೇಳಬೇಕಿತ್ತು. ತ... ತಪ್ಪು ನಂದು."

ಇದಾ ಕಾರಣ? ಒಂದೊಂದೇ ಪದ, ಬಗ್ಗಿದ ತಲೆ... ಅಹಂಕಾರ ಅಂದುಕೊಂಡಿದ್ದೆಲ್ಲ ಇದಾ?

"ಆ ಶೂ ಲೇಸ್ ಪುಟ ಓದುವಾಗ 'ಅಳಬೇಡಿ' ಅಂದೆ. ನೀವು ಅತ್ರೆ ನಾನೂ ಅಳ್ತಿದ್ದೆ. ನ... ನನಗೂ ಒಬ್ಬ ತಮ್ಮ ಇದ್ದ." ಅವನು ಪುಸ್ತಕದ ರಟ್ಟನ್ನು ಸವರಿದ. "ಎಲ್ಲರ ಉಸಿರು, ತಡವರಿಕೆ ಕತ್ತರಿಸೋದು ನನ್ನ ಕೆಲಸ. ನಿಮ್ಮ ಗೊಣಗಾಟ ಮಾತ್ರ... ದಿನಾ ಅದಕ್ಕೋಸ್ಕರಾನೇ ಬರ್ತಿದ್ದೆ. ಅವತ್ತು ಎದ್ದು ಹೋಗಿದ್ದು ಬೇಡ ಅಂತ ಅಲ್ಲ. ಉ... ಉತ್ತರ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತು. ಹೊರಗೆ ಗೋಡೆ ಮುಂದೆ ನಿಂತು ಅಭ್ಯಾಸ ಮಾಡಿ ವಾಪಸ್ ಬಂದೆ, ನೀವು ಇರ್ಲಿಲ್ಲ."

ಅವಳ ಕಣ್ಣು ತುಂಬಿ ಹರಿಯಿತು. ಈ ಸಲ ಯಾರೂ ಅಳಬೇಡಿ ಎನ್ನಲಿಲ್ಲ.

"ನೀವಂದ್ರೆ ನ... ನನಗೂ ಪ್ರಾಣ."

ಅವಳು ತಡಕಾಡಿ ಮಾತಿನ ಗುಂಡಿ ಒತ್ತಿದಳು.

"ಮತ್ತೊಮ್ಮೆ."

ಅವನ ಮುಖ ಬಾಡಿತು. "ತಡವರಿಸಿದ್ನಾ?"

"ತಡವರಿಸಿದ್ರಿ. ಅದು ಹಾಗೇ ಇರಲಿ. ನನಗೆ ಇನ್ನೊಂದು ಸಲ ಕೇಳಬೇಕು, ಅದಕ್ಕೆ." ಮೂಗು ಒರೆಸಿಕೊಂಡಳು. "ಇನ್ನೂ ಪೂರ್ತಿ ಕ್ಷಮಿಸಿಲ್ಲ, ನೆನಪಿರಲಿ!"

ಅವನು ಮತ್ತೊಮ್ಮೆ ಹೇಳಿದ. ಮೊದಲಿಗಿಂತ ಹೆಚ್ಚು ತಡವರಿಸಿದ, ಆದರೆ ತಲೆ ಎತ್ತಿ, ಅವಳನ್ನೇ ನೋಡುತ್ತಾ ಹೇಳಿದ.

"ಕೊನೇ ಅಧ್ಯಾಯ ನೀವು ಓದಿದ್ದೀರಾ?" ಅವಳು ಕೇಳಿದಳು. "ಆ ಹುಡುಗಿ ಹೇಳ್ತಾಳಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ಹೇಳಲ್ಲ. ಆ ಗೆಳೆಯ ಊರು ಬಿಟ್ಟು ಹೋಗ್ತಾನೆ. ಪ್ರ... ಪ್ರಶಸ್ತಿ ಬಂದಿರೋ ಪುಸ್ತಕ ಅಲ್ವಾ!"

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಹೋಗ್ಲಿ ಬಿಡಿ," ಎಂದಳು ಗುಂಡಿಯ ಮೇಲಿಂದ ಬೆರಳು ತೆಗೆಯದೆ. "ನಮಗೇನೂ ಪ್ರಶಸ್ತಿ ಬೇಕಾಗಿಲ್ಲ."