ನಂಬರ್ ಇದರದ್ದಲ್ಲ

"ಗಾಡಿ ಬೇಕಾದ್ರೆ ತಗೊಳ್ಳಿ, ಬೇಡಾದ್ರೆ ಬಿಡಿ. ಅದರ ಮುಂದೆ ನಿಂತು ಊನ ಮಾತ್ರ ಹೇಳ್ಬೇಡಿ" ಎಂದಳು ಮುದುಕಿ. ಶೆಡ್ಡಿನ ಬೀಗಕ್ಕೆ ಕೀಲಿ ತೂರಿಸಿದ್ದಳು, ತಿರುಗಿಸಿರಲಿಲ್ಲ.

"ಊನ ಹೇಳದೆ ಏನು, ಜೋಗುಳ ಹಾಡ್ಲಾ ಅದಕ್ಕೆ?" ಎಂದ ಮ್ಯಾಗ್ನೆಟ್ಟು.

"ತಮಾಷೆ ಅಲ್ಲಪ್ಪ. ನಮ್ಮೆಜಮಾನ್ರು ಸಾಯೋಕೆ ಮುಂಚೆ ಮಾಟ ಮಾಡಿಸಿಟ್ಟು ಹೋಗಿದ್ದಾರೆ. ಯಾರು ಯಾವ ಊನ ಹೇಳ್ತಾರೋ ಅದು ಅವರ ಮೈಗೇ ಬರುತ್ತೆ. ಹಿಂದೆ ಒಬ್ಬ ಬಂದಿದ್ದ. ಚಕ್ರ ಸೊಟ್ಟ ಅಂದ. ಕುಂಟ್ಕೊಂಡು ಹೋದ."

ಮ್ಯಾಗ್ನೆಟ್ಟು ಹಿಂದೆ ತಿರುಗಿ, ನೋಟ್‌ಬುಕ್ ಹಿಡಿದು ನಿಂತಿದ್ದ ತನ್ನ ಷಡ್ಡಕನಿಗೆ ಹೇಳಿದ: "ಬರ್ಕೋ. ಇಟಲಿ ಕೂಪೆ ಒಂದು. ಅದರ ಜೊತೆ ಮಾಟ ಒಂದು, ಪುಕ್ಕಟೆ."

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅರ್ಧ ನಕ್ಕ. ಮುದುಕಿಯ ಮುಖ ನೋಡಿ ಉಳಿದರ್ಧ ನುಂಗಿಕೊಂಡ. ಮುದುಕಿ ಕೀಲಿ ತಿರುಗಿಸಿದಳು.

ಈ ಮ್ಯಾಗ್ನೆಟ್ಟು ಯಾರು ಅಂತ ಹೇಳಿಬಿಡಬೇಕು. ಹಳೆಯ ಇಟಲಿ ಕೂಪೆಗಳಿಗೆ, ಅಂದರೆ ಎರಡೇ ಬಾಗಿಲಿನ ಓಟದ ಕಾರುಗಳಿಗೆ, ಬೆಲೆ ಕಟ್ಟುವುದು ಅವನ ಕಸುಬು. ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು. ಬಣ್ಣದ ಮೇಲೆ ಅದನ್ನು ಇಟ್ಟು ನೋಡಿ, ಒಳಗಿರುವುದು ತಗಡೋ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿಯೋ ಹೇಳುತ್ತಿದ್ದ. ಹಾಗಾಗಿ ಆ ಅಡ್ಡಹೆಸರು. ಆದರೆ ಅವನ ಅನ್ನ ಹುಟ್ಟುತ್ತಿದ್ದದ್ದು ಸ್ವಂತ ಹೆಸರಿನಿಂದ. ಬೆಲೆಪತ್ರದ ಕೆಳಗೆ ಅವನ ಹೆಸರು, ಅದರ ಮೇಲೆ ಅವನ ಸಹಿ ಇದ್ದರೆ, ಸಮುದ್ರದಾಚೆಯ ಶ್ರೀಮಂತರು ಗಾಡಿಯ ಮುಖ ನೋಡದೆ ಹಣ ಕಳಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಮೈ ಬಗ್ಗಿಸಿ ಕಟ್ಟಿಕೊಂಡ ಹೆಸರು. ಮನೆ, ಹೆಂಡತಿಯ ಬಳೆ, ತಾಯಿಯ ಔಷಧಿ ಎಲ್ಲ ಅದರಿಂದಲೇ. "ನನ್ನ ಕೈಕಾಲು ಹೋದ್ರೂ ಹೋಗ್ಲಿ, ಹೆಸರೊಂದು ಕೆಡಬಾರದು" ಅಂತ ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದ.

ಪತ್ರದಲ್ಲಿ ಅವನು ಸುಳ್ಳು ಬರೆಯುತ್ತಿರಲಿಲ್ಲ. ಬಾಯಲ್ಲಿ ಬೇಕಾದಷ್ಟು ಹೇಳುತ್ತಿದ್ದ. ಸ್ವಂತಕ್ಕೆ ಕೊಳ್ಳುವ ಗಾಡಿಯಾದರೆ, ಮಾರುವವರ ಎದುರೇ ನಿಂತು ಇಲ್ಲದ ಊನಗಳನ್ನೆಲ್ಲ ಜೋರಾಗಿ ಓದುತ್ತಿದ್ದ. ದಲ್ಲಾಳಿಗಳು ಇದಕ್ಕೆ 'ಗಾಯ ಮಾಡೋದು' ಎನ್ನುತ್ತಾರೆ. ಗಾಡಿಗೆ ಹತ್ತು ಗಾಯವಾದರೆ ಮಾರುವವರ ಎದೆ ಕುಸಿಯುತ್ತದೆ, ಬೆಲೆಯೂ ಕುಸಿಯುತ್ತದೆ. ಮುದುಕಿಯೊಬ್ಬಳೇ ಇರುವ ಮನೆ, ಗಂಡ ಸತ್ತು ವರ್ಷವಾಗಿಲ್ಲ. ಗಾಯ ಮಾಡಲು ಇದಕ್ಕಿಂತ ಒಳ್ಳೆ ಜಾಗ ಸಿಗುತ್ತದೆಯೇ? ನಾಚಿಕೆ ಅನ್ನುವುದು ಅವನ ಕಸುಬಿನ ಸಾಮಾನಲ್ಲ.

ಮಧ್ಯಾಹ್ನದ ಬಿಸಿಲು ಹೊರಗೇ ನಿಂತಿತು. ಶೆಡ್ಡಿನೊಳಗೆ ಒಂದು ಬಲ್ಬು. ಹಳೆ ಚರ್ಮ, ಪೆಟ್ರೋಲು, ಇವೆರಡರ ಅಡಿಯಲ್ಲಿ ಸುಟ್ಟ ಕೂದಲಿನ ಸಣ್ಣ ವಾಸನೆ. ಮುದುಕಿ ಹೊದಿಕೆ ಎಳೆದಳು.

ಷಡ್ಡಕನ ಬಾಯಿಂದ ಸೀಟಿಯಂಥ ಉಸಿರು ಬಂತು. ಬೂದಿ ನೀಲಿಯ ಬಣ್ಣ. ಉದ್ದ ಮೂತಿ, ಗಿಡ್ಡ ಬೆನ್ನು, ನೆಗೆಯಲು ಕೂತ ಪ್ರಾಣಿಯ ಹಾಗೆ. ತಂತಿಯ ಚಕ್ರಗಳು. ಒಳಗೆ ಮರದ ತೆಳು ಸ್ಟೀರಿಂಗು. ಮುದುಕಿಯ ಗಂಡ ತಗಡು ಬಡಿಯುವವನು. ಹದಿನಾಲ್ಕು ವರ್ಷ ಸುತ್ತಿಗೆಯಲ್ಲಿ ಬಡಿದು ಬಡಿದು ಇದನ್ನು ಎಬ್ಬಿಸಿದ್ದ. ಸೀಟು ಹೊಲಿದವಳು ಮುದುಕಿ.

ಇಂಥ ಗಾಡಿಯನ್ನು ಮ್ಯಾಗ್ನೆಟ್ಟು ಜನ್ಮದಲ್ಲಿ ಎರಡೇ ಸಲ ನೋಡಿದ್ದ. ಒಳಗೊಳಗೇ ಬೆವರಿದ. ಮುಖ ಮಾತ್ರ ಹುಣಸೆಹಣ್ಣು ತಿಂದವನಂತೆ ಮಾಡಿಕೊಂಡ.

"ಬರ್ಕೋ. ಎಡಗಡೆ ದೀಪ ಮಂಕು. ಒಳಗಿನ ಗಾಜು ಹೊಗೆ ಕಟ್ಟಿದೆ."

ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಷಡ್ಡಕ ಬರೆದುಕೊಂಡ.

ಮ್ಯಾಗ್ನೆಟ್ಟು ಗಾಡಿಯ ಬಾಗಿಲ ಹತ್ತಿರ ಹೋದ. ಎಡಗಣ್ಣಿನಲ್ಲಿ ಏನೋ ಬಿದ್ದಂತಾಯಿತು. ಉಜ್ಜಿದ. ಮಂಜು ಹೋಗಲಿಲ್ಲ.

"ಶೆಡ್ ಗುಡಿಸೋ ಅಭ್ಯಾಸ ಇಲ್ವೇನಮ್ಮ? ಎಲ್ಲಾ ಧೂಳು."

ಮುದುಕಿ ಅವನ ಕಣ್ಣನ್ನೇ ನೋಡಿದಳು. ದೀಪದ ಗಾಜನ್ನೂ ನೋಡಿದಳು.

"ಕ್ಲಚ್ಚು ಸವೆದಿದೆ. ಹಿಡಿತವೇ ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಟಾರ್ಚು ಅವನ ಬಲಗೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಹೋದ. ಬೆರಳು ಮಡಚಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡ.

"ಏನಾಯ್ತಣ್ಣ?" ಎಂದ ಷಡ್ಡಕ.

"ಏನೂ ಇಲ್ಲ. ಬೆಳಗ್ಗೆಯಿಂದ ಊರೆಲ್ಲಾ ಗಾಡಿ ಓಡಿಸಿ ಮರಗಟ್ಟಿದೆ. ಬರಿ. ಎಂಜಿನ್ ಕೆಳಗೆ ಸೋರ್ತಿದೆ. ಹನಿ ಹನಿ ಬೀಳ್ತಿದೆ."

ಟಪ್. ನೆಲದ ಮೇಲೆ ಹನಿ ಬಿತ್ತು. ಎಂಜಿನ್ ಕೆಳಗಲ್ಲ, ಅವನ ಬೂಟಿನ ಮುಂದೆ. ಕೆಂಪು ಹನಿ. ಮೂಗಿನಿಂದ ಇಳಿದ ರಕ್ತ ತುಟಿಗೆ ಬಂದು ಉಪ್ಪಾಯಿತು.

"ಅಣ್ಣ, ಸಾಕು ಬಿಡು, ಹೋಗೋಣ" ಎಂದ ಷಡ್ಡಕ. ನೋಟ್‌ಬುಕ್ ಮುಚ್ಚಿದ.

"ಹೋಗಿ ನಿನ್ನ ಹೆಂಡ್ತಿ ಸೆರಗಲ್ಲಿ ಬಚ್ಚಿಟ್ಕೋ. ಬಿಸಿಲಿಗೆ ಮೂಗಲ್ಲಿ ರಕ್ತ ಬರೋದು ಕಂಡಿಲ್ವಾ? ನಮ್ಮ ಗಾಡೀಲಿ ಹತ್ತಿ ಇದೆ, ನೀರಿದೆ, ತಗೊಂಡು ಬಾ."

ಷಡ್ಡಕ ಓಡಿದ. ಅವರ ಗಾಡಿ ಬೀದಿಯ ಕೊನೆಯಲ್ಲಿತ್ತು.

"ನಿಲ್ಲಿಸಿಬಿಡಪ್ಪ" ಎಂದಳು ಮುದುಕಿ. "ಕೈ ಮುಗೀತೀನಿ."

ಮ್ಯಾಗ್ನೆಟ್ಟುವಿಗೆ ಭಯವಾಗಿತ್ತು. ಆದರೆ ಅವನಂಥವರಿಗೆ ಭಯವಾದರೆ ಸಿಟ್ಟು ಬರುತ್ತದೆ. ಬಾನೆಟ್ ಎತ್ತಿದ. ಎಡಗೈಯಿಂದಲೇ ಬಟ್ಟೆಗೆ ಸೀಮೆಎಣ್ಣೆ ಸುರಿದು, ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಮುಂದಿನ ಪಟ್ಟಿಯನ್ನು ಒರೆಸಿದ. ಅಲ್ಲಿ ಕಂಪನಿಯವರು ಕಬ್ಬಿಣಕ್ಕೆ ಕುಟ್ಟಿದ ನಂಬರು ಇರುತ್ತದೆ. ಈ ಜಾತಿಯ ಗಾಡಿಗೆ ನಂಬರೇ ಹೆಸರು. ತಗಡು ಹೋದರೆ ಬಡಿಸಬಹುದು, ಎಂಜಿನ್ ಹೋದರೆ ಹುಡುಕಿ ಕೂರಿಸಬಹುದು. ನಂಬರು ತನ್ನದಲ್ಲದಿದ್ದರೆ ಅದು ಯಾರೂ ಅಲ್ಲ. ಬರೀ ಕಬ್ಬಿಣ.

ಟಾರ್ಚನ್ನು ಓರೆಯಾಗಿ ಹಿಡಿದ. ಬಲಗಣ್ಣು ಕಿರಿದು ಮಾಡಿದ.

ಅಂಕಿಗಳ ಸುತ್ತ ಕಬ್ಬಿಣ ಕೂದಲೆಳೆಯಷ್ಟು ತಗ್ಗಾಗಿತ್ತು. ಅರದಿಂದ ಉಜ್ಜಿದ ಗುರುತು. ಏಳರ ಬಾಲ ಕಂಪನಿಯ ಏಳರ ಬಾಲವಲ್ಲ. ಬಗ್ಗಿ ಬೆಳಕನ್ನು ಗಾಡಿಯಡಿ ಹಿಂದಕ್ಕೆ ಓಡಿಸಿದ. ಸೀಟಿನ ಹಿಂದೆ ಚಾಸಿಗೆ ಅಡ್ಡಲಾಗಿ ಬೆಸುಗೆಯ ಗೆರೆ, ಬಲು ನಾಜೂಕು, ಇವನಲ್ಲದೆ ಬೇರೆ ಯಾರ ಕಣ್ಣಿಗೂ ಬೀಳದಂಥದ್ದು.

ಈಗ ಅವನ ಕೈಗೆ ಸಿಕ್ಕಿದ್ದು ಸುಳ್ಳಲ್ಲ, ನಿಜವಾದ ಕತ್ತಿ. ಒಂದೇ ಏಟಿಗೆ ಬೆಲೆ ನೆಲ ಕಚ್ಚಿಸುವ ಕತ್ತಿ. ಗೆದ್ದವನಂತೆ ಬೆನ್ನು ನೆಟ್ಟಗೆ ಮಾಡಿ ಹೇಳಿದ:

"ನಂಬರ್ ಇದರದ್ದಲ್ಲ ಕಣಮ್ಮ. ಮೈ ಒಂದರದ್ದು, ಹೆಸರು ಇನ್ನೊಂದರದ್ದು."

ಮುದುಕಿ ತಗಡಿನ ಡಬ್ಬಿಯ ಮೇಲೆ ಕುಸಿದು ಕೂತಳು.

ಮ್ಯಾಗ್ನೆಟ್ಟು ಕಾದ. ಏನೂ ಆಗಲಿಲ್ಲ. ಕಣ್ಣು ಅಷ್ಟೇ ಮಂಜು, ಕೈ ಅಷ್ಟೇ ಜಡ. ಹೊಸದಾಗಿ ಏನೂ ಇಲ್ಲ. ಧೈರ್ಯ ಬಂತು.

"ಎಲ್ಲಿ ನಿಮ್ಮ ಮಾಟ? ಸ್ಟಾರ್ಟ್ ಮಾಡಿ ಗಾಡಿ."

ಅವಳು ಅಲ್ಲಾಡಲಿಲ್ಲ. ತಾನೇ ಗಾಡಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದ. ಹನ್ನೆರಡು ಸಿಲಿಂಡರು ಒಂದೇ ಗಂಟಲಲ್ಲಿ ಎದ್ದವು. ಶೆಡ್ಡಿನ ತಗಡು ಗುಂಯ್ ಎಂದಿತು. ಅಂಥ ಸದ್ದಿಗೆ ಬೇರೆ ದಿನವಾಗಿದ್ದರೆ ಅವನು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಈಗ ಬಾಯಿ ರೂಢಿಯಲ್ಲಿ ಓಡಿತು:

"ಒಂದು ಸಿಲಿಂಡರ್ ಹೊಡೀತಿಲ್ಲ. ಮಿಸ್ಸಾಗ್ತಿದೆ."

ಎದೆ ನಿಂತಿತು.

ಒಂದು ಬಡಿತ ಬಂತು. ಮುಂದಿನದು ಬರಲಿಲ್ಲ. ಬಂತು. ಮತ್ತೆ ಇಲ್ಲ. ಮಂಡಿ ನೆಲಕ್ಕೆ ಬಡಿಯಿತು. ಹೊಗೆ. ಸುಟ್ಟ ಕೂದಲು. ಉಸಿರು ಒಳಗೆ ಹೋಗುತ್ತಿಲ್ಲ. ಬಲ್ಬು ಚುಕ್ಕಿಯಾಯಿತು. ಎಂಜಿನ್ನು ಸುಖವಾಗಿ ಹಾಡುತ್ತಿತ್ತು.

ಮುದುಕಿ ಎದ್ದು ಬಂದು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಅವನ ಕುತ್ತಿಗೆಪಟ್ಟಿ ಹಿಡಿದು, ಸೀಟಿಗೆ ಎಳೆದು, ಅವನ ಅಂಗೈಯನ್ನು ಅದರ ಚರ್ಮದ ಮೇಲೆ ಒತ್ತಿದಳು. ಒಳಗೆ ಗಂಟಿನಂಥದ್ದು ಸಿಕ್ಕಿತು.

"ಇದರೊಳಗೆ ನಮ್ಮೆಜಮಾನ್ರ ಕೂದಲಿದೆ, ಉಗುರಿದೆ. ಕಪ್ಪು ದಾರದಲ್ಲಿ ನಾನೇ ಹೊಲಿದಿದ್ದೀನಿ. ಹೇಳಿದ ಸುಳ್ಳನ್ನೆಲ್ಲಾ ವಾಪಸ್ ತಗೊಳ್ಳಿ. ಒಂದೊಂದೇ. ಬೇಗ."

"ಹೊಡೀತಿದೆ" ಎಂದ ಅವನು. ದನಿ ಇರಲಿಲ್ಲ, ಗಾಳಿ ಇತ್ತು. "ಹನ್ನೆರಡೂ... ಹೊಡೀತಿವೆ. ಸುಳ್ಳು ಹೇಳ್ದೆ."

ಎದೆ ಬಡಿಯಿತು. ಮತ್ತೆ ಬಡಿಯಿತು. ಲಯ ಹಿಡಿಯಿತು.

"ಎಂಜಿನ್ ಸೋರ್ತಿಲ್ಲ. ಸುಳ್ಳು." ರಕ್ತ ನಿಂತಿತು.

"ಕ್ಲಚ್ಚು ಗಟ್ಟಿ ಇದೆ. ಸುಳ್ಳು." ಬೆರಳು ಮಡಚಿ ಸೀಟಿನ ಅಂಚನ್ನು ಕಚ್ಚಿ ಹಿಡಿಯಿತು.

"ದೀಪ ಚೆನ್ನಾಗಿದೆ." ಮಂಜು ಸರಿದು ಮುದುಕಿಯ ಸುಕ್ಕೆಲ್ಲ ಕಂಡಿತು. ಅವನು ಅತ್ತುಬಿಟ್ಟ. ಅಳುತ್ತಲೇ, ಉಳಿದದ್ದನ್ನೂ ಹೇಳಿ ಮುಗಿಸಿದ: "ನಂಬರ್ ಇದರದ್ದೇ. ಅದೂ ಸುಳ್ಳು."

ಸೀಟಿನ ಒಳಗಿನ ಗಂಟು ಬಿಸಿಯಾಯಿತು. ಅಂಗೈ ಚುರ್ ಎಂದಿತು. ಕೈ ಕಿತ್ತುಕೊಂಡ.

ಮುದುಕಿ ಹೆದರಿ ಎರಡು ಹೆಜ್ಜೆ ಹಿಂದೆ ಹೋದಳು.

"ಅದು ಸುಳ್ಳಲ್ವಲ್ಲಪ್ಪ. ಸುಳ್ಳಾಡಿದ್ದನ್ನ ನುಂಗಬಹುದು. ಕಣ್ಣಾರೆ ಕಂಡಿದ್ದನ್ನ ಹೇಗೆ ನುಂಗ್ತೀರಿ? ಎರಡು ಜಖಂ ಗಾಡಿ ತಂದು ಕೂಡಿಸಿ ಒಂದು ಮಾಡಿದ್ರು ಅವರು. ಅದರಲ್ಲಿ ಸತ್ತ ಗಾಡಿ ನಂಬರ್ ಇದಕ್ಕೆ ಕುಟ್ಟಿದ್ರು. ಹೊರಗಿನವರು ಯಾರೂ ಅದನ್ನ ಬಾಯಿಬಿಟ್ಟು ಹೇಳಬಾರ್ದು ಅಂತಲೇ ಮಾಟ ಮಾಡಿಸಿದ್ದು."

"ಹಾಗಾದ್ರೆ ನನಗೇನಾಗುತ್ತೆ?"

"ನನಗೇನು ಗೊತ್ತು? ಇವತ್ತಿನ ತನಕ ಯಾರೂ ಅದನ್ನ ಕಂಡುಹಿಡಿದಿರಲಿಲ್ಲ."

ಅವನು ಮೈ ಮುಟ್ಟಿ ನೋಡಿಕೊಂಡ. ಕಾಲು ಸರಿ. ಕಿವಿ ಸರಿ. ನಾಲಿಗೆ ಸರಿ. ಎಲ್ಲ ಸರಿಯಿತ್ತು. ಅದೇ ಹೆದರಿಕೆ ಹುಟ್ಟಿಸಿತು.

ಹೊರಗೆ ಓಡಿಬರುವ ಹೆಜ್ಜೆ. ಷಡ್ಡಕ ಬಾಗಿಲಲ್ಲಿ ನಿಂತ, ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ನೀರಿನ ಬಾಟಲಿ. ಒಳಗೆಲ್ಲ ಕಣ್ಣಾಡಿಸಿದ. ಅವನ ನೋಟ ಮ್ಯಾಗ್ನೆಟ್ಟುವಿನ ಮುಖದ ಮೇಲೆ ಬಂದು, ನಿಲ್ಲದೆ, ಗೋಡೆಗೆ ಹೋಯಿತು.

"ಅಜ್ಜೀ, ನಮ್ಮಣ್ಣ ಎಲ್ಲಿ?"

"ಇಲ್ಲೇ ಇದ್ದೀನಲ್ಲೋ" ಎಂದ ಮ್ಯಾಗ್ನೆಟ್ಟು.

ಷಡ್ಡಕ ಬೆಚ್ಚಿದ. "ಯಾರ್ರೀ ನೀವು? ಯಾವಾಗ ಬಂದ್ರಿ?"

"ಆಟ ಆಡ್ತಿದ್ದೀಯಾ? ಕೆನ್ನೆಗೆ ಬಾರಿಸಿಬಿಡ್ತೀನಿ. ಅಮ್ಮಾ, ನೀವಾದ್ರೂ ಹೇಳಿ ಇವನಿಗೆ."

ಮುದುಕಿ ಅವನತ್ತ ತಿರುಗಿದಳು. ಈಗ ತಾನೇ ಅವನ ಕುತ್ತಿಗೆಪಟ್ಟಿ ಹಿಡಿದು ಎಳೆದು ಬದುಕಿಸಿದವಳು. ಅವಳ ಕಣ್ಣು ಒರೆಸಿದ ಹಲಗೆಯಂತೆ ಖಾಲಿಯಾಗಿತ್ತು.

"ಇವರು ನಿಮ್ಮ ಕಡೆಯವರಲ್ವಾ?" ಅಂತ ಷಡ್ಡಕನನ್ನು ಕೇಳಿದಳು. "ನಾನು ನಿಮ್ಮವರೇ ಅಂದ್ಕೊಂಡೆ."

ಷಡ್ಡಕ ಫೋನು ತೆಗೆದ. ಮ್ಯಾಗ್ನೆಟ್ಟು ತನ್ನ ಜೇಬು ಒತ್ತಿ ಹಿಡಿದು ಕಾದ. ಅದು ರಿಂಗಾಗಲಿ, ದೇವರೇ, ರಿಂಗಾಗಲಿ. ಜೇಬು ಸುಮ್ಮನಿತ್ತು. ಆದರೆ ಷಡ್ಡಕನ ಫೋನಿನಿಂದ ಯಾರೋ "ಹಲೋ" ಎಂದರು.

"ಅಣ್ಣ, ಎಲ್ಲಿದ್ದೀಯಾ?"

"ಮನೇಲಿ ಕಣೋ." ದನಿ ನಿಚ್ಚಳವಾಗಿತ್ತು, ಮ್ಯಾಗ್ನೆಟ್ಟುವಿನದೇ ದನಿ. ಅದೇ ಗೊಗ್ಗರು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅದೇ ಚಾಳಿ. "ಆ ಗಾಡಿ ಬೇಡ ಅನ್ನಿಸ್ತು, ಬಂದ್ಬಿಟ್ಟೆ. ನೀನೂ ಬಾ."

"ಹೇಳಿ ಹೋಗಬಾರ್ದಾ? ಹೆದರಿ ಸತ್ತೇ ಹೋದೆ" ಎಂದು ನಗುತ್ತ ಷಡ್ಡಕ ಹೊರಟ. ಮ್ಯಾಗ್ನೆಟ್ಟು ಅವನ ತೋಳು ಹಿಡಿದ. ಅವನು ಭಿಕ್ಷುಕನ ಕೈ ಕೊಡವುವಂತೆ ಕೊಡವಿದ.

ಆಮೇಲೆ ಓಟ. ಬೀದಿ. ಸಿಗ್ನಲ್ಲು. ಹಾರನ್ನು. ಎರಡು ಸಲ ಬಿದ್ದ. ದಾರಿಯುದ್ದಕ್ಕೂ ತನ್ನ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಓಡಿದ, ಮಾತ್ರೆ ಚಪ್ಪರಿಸುವಂತೆ. ಅದು ಚಿಕ್ಕದಾಗುತ್ತಿತ್ತು. ಮೊದಲು ಒಂದು ಅಕ್ಷರ ಹೋಯಿತು. ಜೇಬಿನಲ್ಲಿದ್ದ ಹಳೆಯ ಬೆಲೆಪತ್ರವೊಂದನ್ನು ತೆಗೆದ. ಸಹಿಯಿತ್ತು. ಓದಲು ಬರಲಿಲ್ಲ, ಯಾರೋ ಗೀಚಿದ ಗೆರೆ.

ಸಂಜೆ ಹೊತ್ತಿಗೆ ಬಾಗಿಲು ತಟ್ಟಿದ. ಅವನ ಕೀಲಿ ಬೀಗದೊಳಗೆ ಹೋಗುತ್ತಿರಲಿಲ್ಲ. ಹೆಂಡತಿ ಸರಪಳಿ ಹಾಕಿಕೊಂಡೇ ಸಂದಿಯಿಂದ ನೋಡಿದಳು. ಬಳೆ ಸದ್ದಾಯಿತು.

"ಯಾರು ಬೇಕಿತ್ತು?"

"ನಾನು ಕಣೇ."

"ನಾನು ಅಂದ್ರೆ? ಹೆಸರಿಲ್ವಾ ನಿಮಗೆ?"

ಅವನು ಬಾಯಿ ತೆರೆದ. ನಾಲಿಗೆ ಹಲ್ಲಿಗೆ ತಾಗಿತು, ತುಟಿ ಸೇರಿತು, ಬಿಟ್ಟಿತು. ಏನೂ ಬರಲಿಲ್ಲ.

"ಕುಡಿದಿದ್ದಾನೆ ಅನ್ಸುತ್ತೆ ರೀ" ಎಂದು ಅವಳು ಒಳಗೆ ನೋಡಿ ಹೇಳಿದಳು. ಒಳಗಿನಿಂದ ಗಂಡಸೊಬ್ಬ ಗಂಟಲು ಸರಿಮಾಡಿಕೊಂಡ. "ಬಾಗಿಲು ಹಾಕೇ, ಪಾಪ, ಏನಾದ್ರೂ ಮಾಡ್ಕೊಳ್ಲಿ" ಎಂದ.

ಬಾಗಿಲು ಮುಚ್ಚಿತು. ಅಗುಳಿ ಬಿತ್ತು. ಮೆಟ್ಟಿಲ ಮೇಲೆ ಅವನು ಕೂತ. ಒಳಗೆ ತಟ್ಟೆ ಇಟ್ಟ ಸದ್ದು, ಲೋಟ ಇಟ್ಟ ಸದ್ದು. ಅಡುಗೆಮನೆಯಿಂದ ವಯಸ್ಸಾದ ಹೆಂಗಸೊಬ್ಬಳು ಮಗನನ್ನು ಹೆಸರು ಹಿಡಿದು ಊಟಕ್ಕೆ ಕರೆದಳು. ಹೊರಗೆ ಕೂತವನು ತಲೆಯೆತ್ತಿ ಕೇಳಿಸಿಕೊಂಡ. ಒಳ್ಳೆಯ ಹೆಸರು. ಎಲ್ಲೋ ಕೇಳಿದಂತಿತ್ತು.